ಶಿವಮಲ್ಲಮ್ಮ ಟೀಚರು ತೂಗಿ ನೋಡಿದ ಕಾಲೇಜು

ಶಿವಮಲ್ಲಮ್ಮ ಟೀಚರಿಗೆ ಮನುಷ್ಯರನ್ನು ಕಣ್ಣಿನಲ್ಲೇ ತೂಗುವ ಚಟವಿತ್ತು. ಎದುರಿಗೆ ಯಾರೇ ಬರಲಿ, ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲು ಅವರ ಕಣ್ಣು ಒಮ್ಮೆ ಬಂದವರ ತಲೆಯಿಂದ ಕಾಲಿನವರೆಗೆ ಇಳಿಯುತ್ತಿತ್ತು. ಆಮೇಲೆ ತುಟಿ ಅಲುಗುತ್ತಿತ್ತು. ಮದುವೆ ಮನೆಯಲ್ಲಿ ಎಲ್ಲರೂ ಹೆಣ್ಣಿನ ಸೀರೆ, ಒಡವೆ ನೋಡುತ್ತಿದ್ದರೆ ಇವರು ನನ್ನ ಕಿವಿಗೆ ಬಾಯಿಟ್ಟು, “ನಲವತ್ತೊಂದು. ರಕ್ತ ಇಲ್ಲ ಕಣಮ್ಮಿ ಈ ಹುಡುಗೀಗೆ. ಕಣ್ಣಿನ ರೆಪ್ಪೆ ಒಳಗೆ ನೋಡು, ಎಂಗೆ ಬೆಳ್ಳಗದೆ” ಅನ್ನುತ್ತಿದ್ದರು. ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬರು ಅಂಗನವಾಡಿಯ ಮುಂದೆ ಕೈಮುಗಿದು ನಿಂತಾಗಲೂ ಟೀಚರು ಸುಮ್ಮನಿರಲಿಲ್ಲ. “ತೊಂಬತ್ತರ ಮೇಲೇ ಅದೆ” ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಅಭ್ಯರ್ಥಿ ಅದನ್ನು ತಮಗೆ ಬೀಳುವ ಓಟಿನ ಲೆಕ್ಕವೆಂದುಕೊಂಡು ಇನ್ನೊಮ್ಮೆ ಕೈಮುಗಿದು ಹೋದರು.

ನಮ್ಮ ಭೀಮನಬೀಡಿನ ಅಂಗನವಾಡಿಯಲ್ಲಿ ಅವರು ಮೂವತ್ತು ವರ್ಷಕ್ಕೂ ಮೇಲೆ ಟೀಚರಾಗಿದ್ದರು. ಊರಿನ ಅರ್ಧ ಜನರನ್ನು ಅವರು ಎತ್ತಿ ತೂಗಿದ್ದಾರೆ. ನನ್ನನ್ನೂ ತೂಗಿದ್ದಾರೆ. ನಾನು ಹುಟ್ಟಿದಾಗ ಬಹಳ ಸಣ್ಣಗಿದ್ದೆನಂತೆ. ಬೆಳವಣಿಗೆಯ ಕಾರ್ಡಿನಲ್ಲಿ ಹಸಿರು, ಹಳದಿ, ಕೆಂಪು ಎಂದು ಪಟ್ಟೆಗಳಿರುತ್ತವಲ್ಲ, ಅದರಲ್ಲಿ ಮೊದಲ ವರ್ಷವೆಲ್ಲ ನನ್ನ ಚುಕ್ಕೆ ಕೆಂಪಿನಲ್ಲೇ ಇತ್ತು. ಟೀಚರು ದಿನಾ ನಮ್ಮ ಮನೆ ಬಾಗಿಲಿಗೆ ಬಂದು, ಅವ್ವನ ಎದುರಿಗೇ ನನಗೆ ಮೊಟ್ಟೆಯೋ ಹೆಸರುಕಾಳಿನ ಗಂಜಿಯೋ ತಿನ್ನಿಸಿ ಹೋಗುತ್ತಿದ್ದರಂತೆ. ನಾನು ದೊಡ್ಡವಳಾದ ಮೇಲೂ ದಾರಿಯಲ್ಲಿ ಕಂಡರೆ, “ಬಂದ್ಳು ನನ್ ಕೆಂಪು ಚುಕ್ಕೆ” ಎಂದು ಛೇಡಿಸುತ್ತಿದ್ದರು. ಹರೆಯದ ಹುಡುಗಿಗೆ ಗೆಳತಿಯರ ಮುಂದೆ ಹೀಗೆ ಕರೆಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಥವಾ ಗೊತ್ತಿದ್ದೇ ಹಾಗೆ ಕರೆಯುತ್ತಿದ್ದರು.

ಪಿಯುಸಿ ಓದುವಾಗ ತಿಂಗಳಿಗೊಂದು ದಿನ ನಾನು ಅವರ ಜೊತೆ ಕೂತು ಪುಸ್ತಕ ಬರೆದುಕೊಡುತ್ತಿದ್ದೆ. ಅದು ಮಕ್ಕಳನ್ನು ತೂಗುವ ದಿನ. ನಮ್ಮ ಕಡೆ ತಾಯಂದಿರಿಗೆ ಮಗುವನ್ನು ತೂಗುವುದೆಂದರೆ ಆಗುವುದಿಲ್ಲ. ನಾಲ್ಕು ಜನರ ಮುಂದೆ ತೂಕ ಹೇಳಿದರೆ ದೃಷ್ಟಿಯಾಗುತ್ತದೆ, ಮಗು ಏಳಿಗೆಯಾಗುವುದಿಲ್ಲ ಎಂದು ನಂಬಿಕೆ. ಚೆನ್ನಾಗಿ ಮೈಕೈ ತುಂಬಿಕೊಂಡ ಮಗುವಿದ್ದರಂತೂ ತಾಯಿ ಸೆರಗಿನೊಳಗೆ ಮುಚ್ಚಿಕೊಂಡು, “ಬ್ಯಾಡಿ ಟೀಚರ್, ಕಣ್ಣಾಯ್ತದೆ” ಎಂದು ಹಿಂದೆ ಸರಿಯುತ್ತಿದ್ದಳು. ಟೀಚರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಬಾಯಲ್ಲಿ ಒಂದು ತೂಕ, ಪುಸ್ತಕದಲ್ಲಿ ಇನ್ನೊಂದು. ಒಂಬತ್ತೂವರೆ ಕೆಜಿಯ ಮಗುವನ್ನು ಎತ್ತಿ ಇಳಿಸಿ, “ಅಯ್ಯೋ, ಬರೀ ಎಂಟು ಕಣ್ರವ್ವ” ಎಂದು ಎಲ್ಲರಿಗೂ ಕೇಳುವಂತೆ ಲೊಚಗುಟ್ಟುತ್ತಿದ್ದರು. ಅದೇ ಹೊತ್ತಿಗೆ ಸೊಂಟದ ಪಕ್ಕದಲ್ಲಿ ನನಗೆ ಮಾತ್ರ ಕಾಣುವಂತೆ ಬೆರಳು ತೋರಿಸುತ್ತಿದ್ದರು. ನಾನು ಆ ಬೆರಳಿನ ಲೆಕ್ಕ ಬರೆದುಕೊಳ್ಳುತ್ತಿದ್ದೆ. ತಾಯಿ ಸಮಾಧಾನವಾಗಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಳು.

ಬಾಯಲ್ಲಿ ಇಷ್ಟು ಸುಳ್ಳು ಹೇಳುವ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟಾಗಿದ್ದರು. ತೊಲೆಗೆ ನೇತುಹಾಕಿದ ತೂಕದ ಮಿಷನ್ನಿಗೆ ಮೊದಲು ಖಾಲಿ ಜೋಲಿಯನ್ನು ಸಿಕ್ಕಿಸಿ, ಮುಳ್ಳು ಸೊನ್ನೆಯ ಮೇಲೆ ನಿಲ್ಲುವವರೆಗೆ ತಿರುಪು ತಿರುಗಿಸುತ್ತಿದ್ದರು. ಒಂದು ಗೆರೆ ಆಚೀಚೆ ಇದ್ದರೂ ಮಗುವನ್ನು ಮುಟ್ಟುತ್ತಿರಲಿಲ್ಲ. ಒಂದು ಮಗು ಇಳಿದು ಇನ್ನೊಂದು ಹತ್ತುವ ಮಧ್ಯೆಯೂ ಇದೇ ಕೆಲಸ. ಬೇಸರವಾಗಿ ನಾನು ಗೊಣಗಿದರೆ, “ಸೊನ್ನೆ ಸರಿ ಇಲ್ಲ ಅಂದ್ರೆ ಮುಂದಿಂದೆಲ್ಲ ಸುಳ್ಳೇ ಕಣಮ್ಮಿ” ಎನ್ನುತ್ತಿದ್ದರು. ಈ ನಿಯಮವೇ ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆ ಕಾರ್ಡುಗಳಲ್ಲಿ ಚುಕ್ಕೆಗಳು ಹಳದಿಯಿಂದ ಹಸಿರಿಗೆ ಹತ್ತುವುದನ್ನು ನೋಡುತ್ತ ನೋಡುತ್ತ ನನಗೆ ಇದನ್ನೇ ಓದಬೇಕು ಅನ್ನಿಸಿತು. ಪಿಯುಸಿ ಫಲಿತಾಂಶ ಬಂದ ಮೇಲೆ, ಪೋಷಣೆ ಮತ್ತು ಆಹಾರ ವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅಪ್ಪ ಚೆಂಡುಹೂವಿನ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ತಂಬಿಗೆ ಕೆಳಗಿಟ್ಟು, “ಉಣ್ಣೋದು ಎಂಗೆ ಅಂತ ಮೂರು ವರ್ಷ ಓದ್ತೀಯಾ?” ಎಂದು ಕೇಳಿದರು. ಅವ್ವ ನಕ್ಕಳು. ನನಗೆ ಅಳು ಬಂತು. ಕೊನೆಗೆ ಅಪ್ಪ ಒಂದು ಮಾತಿಗೆ ಒಪ್ಪಿದರು. ಈ ವರ್ಷ ನನಗೆ ಬೇಕಾದ ಕಡೆ ಸೀಟು ಸಿಕ್ಕರೆ ಸರಿ. ಇಲ್ಲದಿದ್ದರೆ ಮರುಮಾತಿಲ್ಲದೆ ಗುಂಡ್ಲುಪೇಟೆಯಲ್ಲೇ ಬಿ.ಕಾಂ.

ಒಪ್ಪಿಸಿದ್ದಾಯಿತು, ಆದರೆ ಯಾವ ಕಾಲೇಜು? ನಮ್ಮ ಮನೆಯಲ್ಲಿ ಯಾರೂ ಕಾಲೇಜು ಆರಿಸಿದವರಲ್ಲ. ಫೋನಿನಲ್ಲಿ ನೋಡಿದರೆ ಎಲ್ಲ ಕಾಲೇಜೂ ಒಳ್ಳೆಯದೇ, ಎಲ್ಲ ಕಡೆಯೂ ಬಿಳಿ ಕೋಟು ತೊಟ್ಟ ಹುಡುಗಿಯರು ನಗುತ್ತಿದ್ದರು. ಹದಿನೈದು ದಿನ ನನಗೆ ಊಟ ಸೇರಲಿಲ್ಲ. ತಪ್ಪು ಕಾಲೇಜು ಸೇರಿದರೆ ಮೂರು ವರ್ಷ ಹೋಯಿತು. ಸೇರದೆ ಕೂತರೆ ಬಿ.ಕಾಂ. ಕಾದಿತ್ತು. ಪೋಷಣೆ ಓದಲು ಹೊರಟವಳು ಹೀಗೆ ಒಣಗುತ್ತಿರುವುದನ್ನು ಕಂಡ ಟೀಚರು ಕಣ್ಣಿನಲ್ಲೇ ತೂಗಿ, “ಎರಡು ಕೆಜಿ ಇಳ್ದೀಯ” ಎಂದರು. ಆಮೇಲೆ, “ನಾನು ಬತ್ತೀನಿ ನಡಿ. ಓಗಿ ಕಣ್ಣಾರೆ ನೋಡನ. ಅಡುಗೆ ಕಲಿಸೋ ಕಡೆ ಒಲೆ, ತಕ್ಕಡಿ ಎಂಗವೆ ಅಂತ ನೋಡುದ್ರೆ ಸಾಕು, ಅಲ್ಲೇ ಗೊತ್ತಾಯ್ತದೆ” ಎಂದರು. ವಿಷಯ ಕಿವಿಗೆ ಬಿದ್ದಾಗ ಅಪ್ಪ, “ಮಕ್ಕಳ್ನ ತೂಗೋಳು ಈಗ ಕಾಲೇಜ್ ತೂಗಕ್ಕೆ ಒಂಟವ್ಳೆ” ಎಂದು ನಗಾಡಿದರು. ಆದರೆ ಬೇಡ ಅನ್ನಲಿಲ್ಲ.

ಮೊದಲು ಹೋಗಿದ್ದು ಚಾಮರಾಜನಗರಕ್ಕೆ. ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ, ತೆರಕಣಾಂಬಿಯ ಮೇಲೆ. ದಾರಿಯುದ್ದಕ್ಕೂ ಟೀಚರು ನಿದ್ದೆ ಮಾಡಿದರು, ನಾನು ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ಕೂತಿದ್ದೆ. ಕಾಲೇಜು ಹಳೆಯ ಕಟ್ಟಡ. ಆಹಾರ ವಿಜ್ಞಾನದ ಲ್ಯಾಬ್ ಎಂದರೆ ಉದ್ದನೆಯ ಒಂದು ಕೋಣೆ, ಕಲ್ಲಿನ ಕಟ್ಟೆಯ ಮೇಲೆ ನಾಲ್ಕು ಒಲೆ, ತಳ ಕಪ್ಪಾದ ಪಾತ್ರೆಗಳು. ಮೊಳಕೆ ರಾಗಿ ಹುರಿದ ವಾಸನೆ ಬಾಗಿಲಿನಿಂದಲೇ ಬರುತ್ತಿತ್ತು. ಐದಾರು ಹುಡುಗಿಯರು ಹಿಟ್ಟು ಜರಡಿ ಹಿಡಿಯುತ್ತಿದ್ದರು. ಲೆಕ್ಚರರ್ ಮೇಡಂ ಅವರ ಜೊತೆಯಲ್ಲೇ ನಿಂತು ಪಾತ್ರೆ ತೊಳೆಯುತ್ತಿದ್ದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಏನು ಬೇಕಮ್ಮ ಎಂದು ಕೇಳಿದರು.

ಟೀಚರ ಕಣ್ಣು ಕಟ್ಟೆಯ ಮೇಲಿದ್ದ ಮುಳ್ಳಿನ ತಕ್ಕಡಿಯ ಮೇಲಿತ್ತು. ಅದರ ತಟ್ಟೆಯ ಅಂಚಿಗೆಲ್ಲ ಹಿಟ್ಟು ಮೆತ್ತಿಕೊಂಡಿತ್ತು. ತಟ್ಟೆ ಖಾಲಿಯಿದ್ದರೂ ಮುಳ್ಳು ಸೊನ್ನೆಯಿಂದ ಎರಡು ಗೆರೆ ಮೇಲೆ ನಿಂತಿತ್ತು. ಟೀಚರು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಮುಳ್ಳು ಹೋಗಿ ಬಂದು ಮತ್ತೆ ಅಲ್ಲೇ ನಿಂತಿತು.

“ಮೇಡಂ, ಇದು ಸೊನ್ನೆಗೆ ಬರಕಿಲ್ಲ.”

“ಹೌದಮ್ಮ, ಸ್ಪ್ರಿಂಗ್ ಸವೆದಿದೆ. ಹೊಸದಕ್ಕೆ ಬರೆದಿದ್ದೀವಿ. ಅಲ್ಲೀತನಕ ಆ ಎರಡು ಗೆರೆ ಕಳೆದು ಬರ್ಕೋತೀವಿ.”

ಟೀಚರು ಅಷ್ಟಕ್ಕೇ ನನ್ನ ಕೈ ಹಿಡಿದು ಹೊರಗೆ ಕರೆತಂದರು. ಬಸ್ ಸ್ಟ್ಯಾಂಡಿನವರೆಗೂ ಗೊಣಗುತ್ತಲೇ ಬಂದರು. “ಕಳ್ದು ಬರ್ಕೋತಾರಂತೆ! ಮುಳ್ಳೇ ಸರಿ ಇಲ್ದೆ ಇರೋ ಕಡೆ ಏನಮ್ಮಿ ಕಲ್ತೀಯೇ? ಬುಡು, ಇದು ಬ್ಯಾಡ.” ನನಗೆ ಆ ಮೇಡಂ ಇಷ್ಟವಾಗಿದ್ದರು. ಆದರೆ ಹೇಳಲು ಧೈರ್ಯವಾಗಲಿಲ್ಲ. ನನಗಿಂತ ಅವರಿಗೆ ಗೊತ್ತು ಅಂದುಕೊಂಡೆ.

ಎರಡನೆಯದು ಮೈಸೂರಿನ ಹೊರಗೆ, ಒಂದು ಖಾಸಗಿ ಕಾಲೇಜು. ಅದರ ಹೆಸರು ಇಲ್ಲಿ ಬೇಡ. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ ತಣ್ಣಗಿತ್ತು. ನಮ್ಮನ್ನು ಸೋಫಾದ ಮೇಲೆ ಕೂರಿಸಿ ನೀರು ಕೊಟ್ಟರು. ಟೀಚರು ಚಪ್ಪಲಿಯನ್ನು ಹೊರಗೆ ಬಿಟ್ಟು ಬರಲೇ ಎಂದು ಕೇಳಿದರು, ಬೇಡವೆಂದರೂ ಬಿಟ್ಟೇ ಬಂದರು. ಒಬ್ಬ ಹುಡುಗಿ ಬಂದು ಲ್ಯಾಬ್ ತೋರಿಸಿದಳು. ಗೋಡೆಯ ತುಂಬ ಬಣ್ಣದ ಚಿತ್ರಗಳು, ಸ್ಟೀಲಿನ ಒಲೆಗಳು, ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ಕಿನ ಇಡ್ಲಿ, ಬಾಳೆಹಣ್ಣು, ಮೀನು. “ಮುದ್ದೆನೂ ಇಟ್ಟವ್ರೆ ನೋಡಮ್ಮಿ!” ಎಂದು ಟೀಚರು ಗಾಜಿಗೆ ಮೂಗು ತಾಗಿಸಿ ನಿಂತರು. ಆಮೇಲೆ ನೆನಪು ಮಾಡಿಕೊಂಡು ತಕ್ಕಡಿಯ ಹತ್ತಿರ ಹೋದರು. ಆರು ತಕ್ಕಡಿ, ಸಾಲಾಗಿ. ಆರರ ಮುಳ್ಳುಗಳೂ ಸೊನ್ನೆಯ ಮೇಲೆ ಕೂದಲೆಳೆ ಆಚೀಚೆ ಇಲ್ಲದೆ ನಿಂತಿದ್ದವು. ಟೀಚರು ಒಂದೊಂದನ್ನೂ ಒತ್ತಿ ಬಿಟ್ಟರು. ಆರೂ ಸೊನ್ನೆಗೇ ಬಂದವು. ಅವರ ಮುಖ ಅರಳಿತು.

“ಇನ್ನು ಎರಡೇ ಸೀಟು ಉಳಿದಿವೆ” ಎಂದಳು ಹುಡುಗಿ. ಟಿ.ಸಿ. ಮತ್ತು ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ಈಗ ಕೊಟ್ಟರೆ ಹೆಸರು ಬರೆದುಕೊಳ್ಳುತ್ತೇವೆ, ಫೀಸು ಮುಂದಿನ ವಾರ ಕಟ್ಟಿದರಾಯಿತು ಎಂದಳು. ನಾನು ಟೀಚರ ಮುಖ ನೋಡಿದೆ. ಅವರು ತಲೆ ಆಡಿಸಿದರು. ನಾನು ಫೈಲು ಬಿಚ್ಚಿ ಎಲ್ಲವನ್ನೂ ಕೊಟ್ಟೆ. ತಪ್ಪೆಲ್ಲ ಅವರ ಮೇಲೆ ಹಾಕಿ ನಾನು ಒಳ್ಳೆಯವಳಾಗುವುದಿಲ್ಲ. ತಾನಾಗಿ ತೆರೆಯುವ ಆ ಗಾಜಿನ ಬಾಗಿಲಿಗೆ ನಾನೂ ಮರುಳಾಗಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರಿಗೆ ನಿದ್ದೆ ಬರಲಿಲ್ಲ. ನಂಜನಗೂಡು ದಾಟಿತು. ಅವರು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ಬೇಗೂರಿನಲ್ಲಿ ಬಸ್ ನಿಂತಾಗ ನನ್ನ ಮೊಣಕೈ ಹಿಡಿದುಕೊಂಡರು.

“ಪವಿತ್ರಾ, ನಾನ್ ಆ ತಕ್ಕಡಿ ಒತ್ತುದ್ನಲ್ಲ. ಕೈಗೆ ಏನೋ ಜಾರ್ದಂಗಾಯ್ತು. ಏನಂತ ಈಗ ಒಳೀತು.”

“ಏನು ಟೀಚರ್?”

“ತಟ್ಟೆ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಇತ್ತು ಕಣಮ್ಮಿ. ಅಂಗಡೀಲಿ ಅಂಟಿಸಿರ್ತಾರಲ್ಲ, ಅದು. ಇನ್ನೂ ಕಿತ್ತೇ ಇಲ್ಲ.” ಅವರ ದನಿ ಇಳಿಯಿತು. “ಯಾರೂ ಏನೂ ಇಟ್ಟು ತೂಗೇ ಇಲ್ಲ ಅದ್ರಲ್ಲಿ. ತೂಗ್ದೆ ಇರೋ ತಕ್ಕಡಿ ಸೊನ್ನೇಲಿ ನಿಲ್ದೆ ಇನ್ನೆಲ್ ನಿಂತದೆ? ಆ ಚಾಮರಾಜನಗರದ್ದು ಸವ್ದಿದ್ದು ದಿನಾ ತೂಗಿ ತೂಗಿ. ಅಯ್ಯೋ ಶಿವನೇ, ನಾನೇ ತಪ್ಪು ತೂಗ್ಬುಟ್ನಲ್ಲಮ್ಮಿ!”

ಒರಿಜಿನಲ್‌ಗಳು ಅಲ್ಲಿದ್ದವು. ಚಾಮರಾಜನಗರದ ಕಾಲೇಜಿನಲ್ಲಿ ಅರ್ಜಿಗೆ ಶನಿವಾರ ಕೊನೆಯ ದಿನ. ಅಂದು ಬುಧವಾರ.

ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ತೀರ್ಮಾನ ಮಾಡುವುದು ಸರಿಯಲ್ಲ ಎಂದು ಗುರುವಾರ ಬೆಳಗ್ಗೆ ನಾನೇ ವಾದಿಸಿದೆ. ನನಗೆ ಅದು ಸುಳ್ಳಾಗಬೇಕಿತ್ತು. ಟೀಚರು ಹಂಗಳದ ಅಂಗನವಾಡಿ ಟೀಚರಿಗೆ ಫೋನ್ ಮಾಡಿದರು. ಈ ತಾಲ್ಲೂಕಿನಲ್ಲಿ ಯಾರ ಮಗಳು ಎಲ್ಲಿ ಓದುತ್ತಾಳೆ ಎಂಬುದು ಅಂಗನವಾಡಿ ಟೀಚರುಗಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಅರ್ಧ ಗಂಟೆಯಲ್ಲಿ, ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುವ ಹಂಗಳದ ಹುಡುಗಿಯೊಬ್ಬಳ ನಂಬರ್ ಸಿಕ್ಕಿತು. ನಾನು ಮಾತಾಡಿದೆ.

“ಆ ಲ್ಯಾಬಾ? ಅದು ಪೇರೆಂಟ್ಸ್ ಬಂದಾಗ ತೆಗೀತಾರೆ ಕಣೇ” ಎಂದಳು ಅವಳು. “ನಮಗೆ ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡ್ ಬರಿಯೋದು ಅಷ್ಟೇ. ನಾನು ಒಂದಿನಾನೂ ಒಲೆ ಹಚ್ಚಿಲ್ಲ. ಒರಿಜಿನಲ್ ಕೊಟ್ಬಿಟ್ಯಾ? ಅಯ್ಯೋ, ನಂದೂ ಹಂಗೇ ಆಯ್ತು.”

ಟೀಚರು ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ನಾಳೆ ಮೊದ್ಲನೇ ಬಸ್ಸಿಗೆ ಓಗನ. ಮನೇಲಿ ಏನೂ ಏಳ್ಬ್ಯಾಡ, ನಿಮ್ಮಪ್ಪ ಬಿ.ಕಾಂ. ಅಂತ ಕುಣೀತಾನೆ” ಎಂದರು. ನಾನು ಹೇಳಲಿಲ್ಲ. ಆ ಇಡೀ ದಿನ ಅವ್ವ ಏನು ಕೇಳಿದರೂ ತಪ್ಪುತಪ್ಪಾಗಿ ಉತ್ತರ ಕೊಟ್ಟೆ.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆಲ್ಲ ಅದೇ ಗಾಜಿನ ಬಾಗಿಲು ತೆರೆದುಕೊಂಡಿತು. ಈ ಸಲ ಟೀಚರು ಚಪ್ಪಲಿ ಬಿಡಲಿಲ್ಲ. ಲ್ಯಾಬ್ ತೋರಿಸಿದ ಹುಡುಗಿ ವಿಷಯ ತಿಳಿದ ಮೇಲೆ ಕಾಣಿಸಲಿಲ್ಲ. ಕೌಂಟರಿನ ಗುಮಾಸ್ತರು, ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂದರು. ನಾಳೆ ಎಂದರೆ ಶನಿವಾರ. ಟೀಚರು ಸೋಫಾದ ತುದಿಯಲ್ಲಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ, “ಮೀಟಿಂಗ್ ಮುಗೀತಾ ಸಾರ್?” ಎಂದು ಕೇಳಿ ಬಂದು ಮತ್ತೆ ಕೂರುತ್ತಿದ್ದರು. ಜಗಳವಿಲ್ಲ, ಗೋಗರೆಯುವುದಿಲ್ಲ. ಮಧ್ಯಾಹ್ನ ಚೀಲದಿಂದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ಆ ತಣ್ಣನೆಯ ಕೋಣೆಯಲ್ಲೇ ಬಿಚ್ಚಿದರು. ನನಗೆ ಬೇಡವೆಂದೆ.

“ತಿನ್ನಮ್ಮಿ. ನೀನು ಒಟ್ಟೆ ಅಸ್ಕೊಂಡು ಕೂತ್ರೆ ಅವರ್ಗೇನು ನಷ್ಟ?”

ಮೂರು ಗಂಟೆಯಾಯಿತು. ಗುಮಾಸ್ತರಿಗೆ ರೇಗಿತು. “ಒಂದ್ಸಲ ಅಡ್ಮಿಷನ್‌ಗೆ ಕೊಟ್ಟ ಮೇಲೆ ಹಂಗೆಲ್ಲ ವಾಪಸ್ ಕೊಡೋಕಾಗಲ್ಲಮ್ಮ” ಎಂದರು. ನಾನು ಅಳಲು ಶುರುಮಾಡಿದೆ. ಟೀಚರು ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಕೌಂಟರಿನ ಮೇಲಿಟ್ಟರು.

“ಸರಿ ಸಾರ್, ಕೊಡಬ್ಯಾಡಿ. ಕೊಡಕಿಲ್ಲ ಅಂತ ಇದ್ರಲ್ಲಿ ಬರ್ದು ಕೊಡಿ. ಈ ಹುಡುಗಿ ಕಾರ್ಡುಗಳು ನಿಮ್ ತಾವ ಅವೆ, ಇಂಥ ಕಾರಣಕ್ಕೆ ಕೊಡಕಿಲ್ಲ, ಇಂಥ ದಿನ ಕೊಡ್ತೀವಿ. ಕೆಳಗೆ ಸೈನು, ಸೀಲು. ನಾನೂ ದಿನಾ ಪುಸ್ತಕ ಬರೆಯೋಳೆ. ಬಾಯಿ ಮಾತಿಗೆ ಬೆಲೆ ಇಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು.”

ಗುಮಾಸ್ತರು ಹಾಳೆಯನ್ನು ನೋಡಿದರು, ಟೀಚರನ್ನು ನೋಡಿದರು. ಪಕ್ಕದಲ್ಲಿ ಮಗನನ್ನು ಸೇರಿಸಲು ಬಂದಿದ್ದ ಒಂದು ಸಂಸಾರವೂ ಇದನ್ನೇ ನೋಡುತ್ತಿತ್ತು. ಗುಮಾಸ್ತರು ಒಳಗೆ ಹೋದರು. ನಾನು ಗೋಡೆಯ ಗಡಿಯಾರ ನೋಡುತ್ತ ನಿಂತೆ. ಇಪ್ಪತ್ತು ನಿಮಿಷದ ಮೇಲೆ ಒಂದು ಕಂದು ಲಕೋಟೆ ಹೊರಗೆ ಬಂತು.

ಟೀಚರು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಬಿಚ್ಚಿ ಒಂದೊಂದು ಕಾರ್ಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದರು. ಗುಂಡ್ಲುಪೇಟೆಯವರೆಗೂ ಲಕೋಟೆ ಅವರ ಸೆರಗಿನೊಳಗೇ ಇತ್ತು.

ಶನಿವಾರ ಚಾಮರಾಜನಗರಕ್ಕೆ ಅಪ್ಪನೂ ಬಂದರು. ಅಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿ, ಬೈಸಿಕೊಂಡು ಮುಗಿದಿತ್ತು. ಸಾಲಿನಲ್ಲಿ ನನ್ನ ಮುಂದೆ ಹನ್ನೊಂದು ಜನ. ಪ್ರತಿಯೊಬ್ಬರೂ ಮುಂದೆ ಸರಿದಾಗ, ಸೀಟು ಮುಗಿಯಿತು ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಅರ್ಜಿಯ ಮೇಲೆ ಸೀಲು ಬಿದ್ದಾಗ ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಆ ಲೆಕ್ಚರರ್ ಮೇಡಂ ವರಾಂಡದಲ್ಲಿ ಸಿಕ್ಕಿ, “ತಕ್ಕಡಿ ನೋಡಿದ ಅಮ್ಮ ಅಲ್ವಾ ನೀವು?” ಎಂದರು. ಟೀಚರು ಸೆರಗು ಎಳೆದುಕೊಂಡು, “ನಿಮ್ ತಕ್ಕಡಿ ಸರಿಯಾಗೇ ಅದೆ ಮೇಡಂ. ನಂದೇ ಸರಿ ಇರ್ಲಿಲ್ಲ” ಎಂದರು. ಅಪ್ಪ ನಗಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ, ಟೀಚರು ಬೇಡ ಬೇಡವೆಂದರೂ ಎರಡು ಮಸಾಲೆದೋಸೆ ತಿನ್ನಿಸಿದರು.

ಮೂರು ವರ್ಷ ಆ ಲ್ಯಾಬಿನಲ್ಲಿ ಹಿಟ್ಟು ತೂಗಿದೆ, ಗಂಜಿ ಕಾಯಿಸಿದೆ, ಕೈ ಸುಟ್ಟುಕೊಂಡೆ. ಜಿಲ್ಲಾ ಆಸ್ಪತ್ರೆಯಲ್ಲಿ ಸೊರಗಿದ ಮಕ್ಕಳ ವಾರ್ಡಿನಲ್ಲಿ ಒಂದು ತಿಂಗಳು ಕೆಲಸ ಮಾಡಿದೆ. ಊರಿಗೆ ಬಂದಾಗಲೆಲ್ಲ ಟೀಚರು ನನ್ನ ನೋಟ್ಸ್ ತೆಗೆದು ಚಿತ್ರಗಳನ್ನು ನೋಡುತ್ತಿದ್ದರು. ಓದಿ ಹೇಳು ಎಂದು ಕೂರಿಸಿಕೊಳ್ಳುತ್ತಿದ್ದರು. ಒಂದೊಂದಕ್ಕೆ, “ಇದು ನಂಗೆ ಗೊತ್ತಿತ್ತು, ಆದ್ರೆ ಹೆಸರು ಗೊತ್ತಿರ್ಲಿಲ್ಲ” ಎನ್ನುತ್ತಿದ್ದರು. ಒಂದೊಂದಕ್ಕೆ, “ನಿಮ್ ಪುಸ್ತಕದೋರು ನಮ್ಮೂರಿನ ಅತ್ತೇರನ್ನ ಕಂಡಿಲ್ಲ ಬುಡು” ಎಂದು ತಳ್ಳಿಹಾಕುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ಕಂಡಿದ್ದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ. ಅವರಿಗೆ ನಿವೃತ್ತಿಯಾಗಿತ್ತು. ಯಜಮಾನರು ಹೋಗಿ ಬಹಳ ವರ್ಷವಾಗಿದ್ದರಿಂದ, ಕೇರಳದ ಸುಲ್ತಾನ್ ಬತ್ತೇರಿಯಲ್ಲಿರುವ ಮಗಳ ಮನೆಯಲ್ಲೇ ಇದ್ದುಬಿಡಲು ಹೊರಟಿದ್ದರು. ಎರಡು ಚೀಲ, ಒಂದು ಟ್ರಂಕು. ನಾನು ಎಂ.ಎಸ್ಸಿ. ಅರ್ಜಿ ಹಾಕಲು ಮೈಸೂರಿಗೆ ಹೊರಟಿದ್ದೆ. ಮತ್ತೆ ಅದೇ ಭಯ, ಅದೇ ಫೈಲು. ಮೂರು ಕಾಲೇಜಿನ ಹೆಸರು ಹೇಳಿ ಯಾವುದು ಟೀಚರ್ ಎಂದು ಕೇಳಿದೆ. “ನನ್ ಕೇಳ್ಬ್ಯಾಡ ತಾಯಿ” ಎಂದು ಎರಡೂ ಕೈ ಎತ್ತಿದರು. ಆಮೇಲೆ ಫೈಲಿನ ಮೇಲೆ ಕೈಯಿಟ್ಟು, “ಕಾರ್ಡೆಲ್ಲ ಇದ್ರೊಳಗೇ ಅವ್ಯಾ?” ಎಂದರು. ಇವೆ ಎಂದೆ.

“ನಂದು ಇನ್ನೂ ಅಲ್ಲೇ ಅದೆ.”

“ಏನು ಟೀಚರ್?”

“ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು.” ಅವರು ಬತ್ತೇರಿ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳಿದರು. “ಟೀಚರ್ ಟ್ರೈನಿಂಗ್‌ಗೆ ಅಂತ ಮೈಸೂರ್ನಲ್ಲಿ ಸೇರಿದ್ದೆ. ಮೂರು ತಿಂಗ್ಳು ಓಗಿದ್ದೆ ಅಷ್ಟೇ. ನಮ್ಮಪ್ಪ ಮದ್ವೆ ಗೊತ್ತು ಮಾಡಿ ಕರ್ಕೊಂಡು ಬಂದ್ರು. ಕಾರ್ಡು ಅಲ್ಲೇ ಉಳೀತು. ಈಸ್ಕೊಂಡು ಬಾ ಅಪ್ಪ ಅಂತ ಅತ್ಕೊಂಡು ಕೇಳ್ದೆ. ಒಂದ್ಸಲ ಅಲ್ಲಿಗೆ ಓಗಿದ್ರು. ನಾಳೆ ಬನ್ನಿ ಅಂದ್ರಂತೆ. ಆಮ್ಯಾಕೆ ಯಾರೂ ಓಗ್ಲಿಲ್ಲ. ಅಂಗನವಾಡಿಗೆ ಕರೆದಾಗ ಏಳನೇ ಕ್ಲಾಸಿಂದು ತೋರಿಸಿ ಸೇರ್ಕೊಂಡೆ. ಆಗ ಅಷ್ಟೇ ಸಾಕಿತ್ತು. ಊರೋರೆಲ್ಲ ಏಳನೇ ಕ್ಲಾಸ್ ಅಂತ್ಲೇ ಅಂದ್ಕೊಂಡವ್ರೆ.”

ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗ ಡೂಪ್ಲಿಕೇಟ್ ತೆಗೆಸಬಹುದು ಟೀಚರ್, ನಾನೇ ಓಡಾಡಿ ತೆಗೆಸಿಕೊಡುತ್ತೇನೆ, ವರ್ಷ ಹೇಳಿ ಸಾಕು ಎಂದು ಒಂದೇ ಉಸಿರಿಗೆ ಹೇಳಿದೆ.

“ಏನಕ್ಕಮ್ಮಿ ಈಗ? ಬುಡು. ಎಷ್ಟು ಬಂದಿತ್ತು ಅಂತ ನಂಗೇ ನೆಪ್ಪಿಲ್ಲ.”

ಬತ್ತೇರಿ ಬಸ್ಸು ಬಂತು. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ನಾನು ಇಳಿದೆ. ಟೀಚರು ಕಿಟಕಿಯ ಪಕ್ಕ ಕೂತು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡದೆ, ಬರೀ ಮುಖ ನೋಡಿದರು. ಬಸ್ಸು ಹೊರಟಿತು. ನಾನು ಕೈ ಎತ್ತಿದೆ. ಬಸ್ಸು ಸ್ಟ್ಯಾಂಡಿನಿಂದ ರಸ್ತೆಗೆ ತಿರುಗುವಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ಕೂಗಿದರು.

“ಗಣಿತ ಎಂಬತ್ತೊಂದು ಕಣಮ್ಮಿ! ವಿಜ್ಞಾನ ಎಪ್ಪತ್ತಾರು! ಕನ್ನಡದಲ್ಲಿ...”

ಕಂಡಕ್ಟರ್ ಸೀಟಿ ಊದಿದರು. ಕನ್ನಡದಲ್ಲಿ ಎಷ್ಟು ಎಂಬುದು ನನಗೆ ಕೇಳಿಸಲಿಲ್ಲ.